ಮಳೆಗಾಲದಲ್ಲಿ ಮಿನಿಯೇಚರ್‌ಗೆ ಪ್ರೈಮರ್ ಹೊಡೆಯೋದು ಹೇಗೆ? ಕರಾವಳಿಯವರು ದಯವಿಟ್ಟು ಹೇಳಿ

ಕಡಲತೀರದ_ಆರ್ಕ್

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವನು. ವಾರ್‌ಹ್ಯಾಮರ್ 40,000 ಅಂತ ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಯುದ್ಧದ ಆಟಕ್ಕೆ ಸ್ಪೇಸ್ ಮರೀನ್ ಅನ್ನೋ ಯೋಧರ ಪಡೆಯೊಂದನ್ನು ಕಟ್ಟುತ್ತಿದ್ದೇನೆ. ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ (ಸ್ಪ್ರೂ) ಕತ್ತರಿಸಿ, ಅಚ್ಚಿನ ಗೆರೆ ಕೆರೆದು, ಅಂಟಿಸುವ ತನಕ ಎಲ್ಲಾ ಚೆನ್ನಾಗಿತ್ತು. ಮೊನ್ನೆ ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಬಾಲ್ಕನಿಯಲ್ಲಿ ಕಪ್ಪು ಸ್ಪ್ರೇ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಾಕುವ ಪದರ, ಹೊಡೆದೆ. ಒಣಗಿದ ಮೇಲೆ ನೋಡಿದರೆ ಭುಜದ ಕವಚ, ಹೆಲ್ಮೆಟ್ ಮೇಲೆಲ್ಲಾ ಬೂದು ಮಬ್ಬು. ಕಪ್ಪು ಕಪ್ಪಾಗಿಯೇ ಇಲ್ಲ.

ಇವನ್ನು ಉಳಿಸಿಕೊಳ್ಳಬಹುದಾ? ಡಬ್ಬಿಯಲ್ಲಿ ಉಳಿದಿರುವವಕ್ಕೆ ಅಕ್ಟೋಬರ್ ತನಕ ಕಾಯಬೇಕಾ? ವಿಡಿಯೋಗಳಲ್ಲಿ ಕ್ಯಾನ್ ಹಿಡಿದು ಎರಡು ಸಲ ಬೀಸಿದರೆ ಕೆಲಸ ಮುಗೀತು. ಆದರೆ ಅವರ ಜುಲೈ ಬೇರೆ, ನಮ್ಮ ಜುಲೈ ಬೇರೆ. ಇಲ್ಲಿ ಬಟ್ಟೆಯೇ ಮೂರು ದಿನ ಒಣಗಲ್ಲ.

ಬಣ್ಣದ_ಡಬ್ಬಿ

ಇದು ತೇವದ ಕೆಲಸ, ಬೇರೆ ಏನೂ ಅಲ್ಲ. ಸ್ಪ್ರೇಯಲ್ಲಿರುವ ದ್ರಾವಕ ತುಂಬಾ ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಶಾಖ ಎಳೆದುಕೊಳ್ಳುತ್ತದೆ. ಮೇಲ್ಮೈ ತಣ್ಣಗಾಯಿತು ಅಂದರೆ ಗಾಳಿಯಲ್ಲಿರುವ ನೀರು ಬಣ್ಣದ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಅದೇ ಆ ಮಬ್ಬು. ಗಾಳಿಯ ತೇವ ಶೇ. 70 ದಾಟಿದರೆ ನಾನು ಕ್ಯಾನ್ ಮುಟ್ಟುವುದೇ ಇಲ್ಲ. ತೇವ ಅಳೆಯುವ ಪುಟ್ಟ ಮೀಟರ್ ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ. ಮೊದಲು ಅದನ್ನು ತಗೊಳ್ಳಿ.

ಬೆಂಗಳೂರಲ್ಲೂ ಆಗಸ್ಟ್‌ನಲ್ಲಿ ಇದೇ ಕಥೆ. ಮಂಗಳೂರಲ್ಲಿ ಕೇಳಬೇಕಾ?

ಬಿಸಿಲುನಾಡು

ತೇವ ಒಂದೇ ಕಾರಣ ಅಂತ ಎಲ್ಲದಕ್ಕೂ ಹೇಳಬೇಡಿ ಸರ್. ನಾನು ಕಲಬುರಗಿಯವನು. ನಮ್ಮಲ್ಲಿ ಮೇ ತಿಂಗಳಲ್ಲಿ ಗಾಳಿ ಒಣ ಒಣ, ಆದರೂ ಪ್ರೈಮರ್ ಹಾಳಾಗುತ್ತದೆ. ಬಿಸಿಗೆ ಬಣ್ಣದ ಹನಿ ಗಾಳಿಯಲ್ಲೇ ಒಣಗಿ, ಮಿನಿ ಮೇಲೆ ಧೂಳಾಗಿ ಬೀಳುತ್ತದೆ. ಮುಟ್ಟಿದರೆ ಉಪ್ಪುಕಾಗದ ಮುಟ್ಟಿದ ಹಾಗೆ.

ಎರಡಕ್ಕೂ ಮದ್ದು ಬೇರೆ. ಹಾಗಾಗಿ ಮೊದಲು ನೋಡಿ: ನುಣ್ಣಗಿದ್ದು ಮಬ್ಬಾಗಿದೆಯಾ, ಇಲ್ಲಾ ತರಿ ತರಿಯಾಗಿದೆಯಾ? ನುಣ್ಣಗಿದ್ದರೆ ತೇವ. ತರಿಯಾಗಿದ್ದರೆ ಬಿಸಿ, ಅಥವಾ ಕ್ಯಾನ್ ದೂರ ಹಿಡಿದಿದ್ದೀರಿ, ಅಥವಾ ಸರಿಯಾಗಿ ಕುಲುಕಿಲ್ಲ. ಸುಮಾರು 20-25 ಸೆಂ.ಮೀ. ದೂರ ಸಾಕು. ನಾವಿಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ ಆರೂವರೆಗೇ ಮುಗಿಸುತ್ತೇವೆ.

ಕಡಲತೀರದ_ಆರ್ಕ್

ಈಗಷ್ಟೇ ಉಗುರಲ್ಲಿ ಕೆರೆದು ನೋಡಿದೆ. ಪುಡಿ ಬರುತ್ತಿಲ್ಲ. ನುಣ್ಣಗಿದೆ. ರಿವೆಟ್‌ಗಳೆಲ್ಲ ಚೂಪಾಗಿಯೇ ಕಾಣುತ್ತವೆ. ಬಣ್ಣ ಮಾತ್ರ ಮಂಕು.

ಬಣ್ಣದ_ಡಬ್ಬಿ

ಹಾಗಾದರೆ ಏನೂ ಕಿತ್ತುಹಾಕಬೇಡಿ. ಒಂದು ದಿನ ಬಿಟ್ಟು ಸೆಲ್ಲೋ ಟೇಪ್ ಅಂಟಿಸಿ ಮೆಲ್ಲಗೆ ಎಳೆಯಿರಿ. ಟೇಪಿಗೆ ಬಣ್ಣ ಬರಲಿಲ್ಲ ಅಂದರೆ ಪ್ರೈಮರ್ ಗಟ್ಟಿಯಾಗಿ ಕೂತಿದೆ. ಮೇಲೆ ಹೇಗೂ ನೀಲಿಯೋ ಕೆಂಪೋ ಬರುತ್ತದೆ, ಮಬ್ಬು ಯಾರಿಗೆ ಕಾಣಬೇಕು? ಪ್ರೈಮರ್‌ನ ಕೆಲಸ ಹಿಡಿತ ಕೊಡೋದು. ಚೆಂದ ಕಾಣೋದು ಆಮೇಲಿನ ಮಾತು. ಸಂದುಗಳಲ್ಲಿ ಅಚ್ಚ ಕಪ್ಪು ಬೇಕಿದ್ದರೆ ಅಲ್ಲಿ ಮಾತ್ರ ಕಪ್ಪು ಅಕ್ರಿಲಿಕ್ ತೆಳ್ಳಗೆ ಹಚ್ಚಿ.

ರೋಲ್_ಟ್ವೆಂಟಿ

ಸುಲಭ ಉಪಾಯ ಇದೆ. ಮಿನಿಗಳನ್ನು ಎಸಿ ರೂಮಲ್ಲಿ ಒಂದು ರಾತ್ರಿ ಇಡಿ. ಎಸಿ ತೇವ ಎಳೆದುಬಿಡುತ್ತದೆ. ಬೆಳಗ್ಗೆ ತಂದು ಬಾಲ್ಕನಿಯಲ್ಲಿ ಟಕ್ಕಂತ ಹೊಡೆದು ಮತ್ತೆ ಒಳಗೆ ಇಡಿ.

ಮಲೆನಾಡ_ಮಿನಿ

@ರೋಲ್_ಟ್ವೆಂಟಿ ಅಯ್ಯೋ ಬೇಡ! ಎಸಿ ಕಾರಿಂದ ಇಳಿದ ತಕ್ಷಣ ಕನ್ನಡಕ ಮಬ್ಬಾಗುತ್ತಲ್ಲ, ಮಿನಿಗೂ ಅದೇ ಆಗುತ್ತದೆ. ತಣ್ಣಗಿರುವ ಪ್ಲಾಸ್ಟಿಕ್ ಹೊರಗಿನ ತೇವದ ಗಾಳಿಗೆ ಬಂದರೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಇಬ್ಬನಿ ಕೂರುತ್ತದೆ. ಅದರ ಮೇಲೆ ಸ್ಪ್ರೇ ಹೊಡೆದರೆ ಇನ್ನೂ ಕಷ್ಟ. ಲೋಹದ ಮಿನಿ ಆದರಂತೂ ಕೇಳೋದೇ ಬೇಡ.

ರೋಲ್_ಟ್ವೆಂಟಿ

ಸರಿ, ಹಾಗಾದರೆ ಎಸಿ ರೂಮಿನ ಒಳಗೇ ಹೊಡೆದರೆ?

ಮಲೆನಾಡ_ಮಿನಿ

ಮುಚ್ಚಿದ ಕೋಣೆಯಲ್ಲಿ ಏರೋಸಾಲ್ ಖಂಡಿತ ಬೇಡ. ಉಸಿರಿಗೂ ಕೆಟ್ಟದ್ದು, ಬೆಂಕಿಗೂ ಹೆದರಬೇಕು. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಇನ್ನೂ ಎಚ್ಚರ ಬೇಕು.

ನಾನು ಶಿವಮೊಗ್ಗ ಜಿಲ್ಲೆಯವಳು, ಆಗುಂಬೆ ನಮಗೆ ದೂರ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಕ್ಯಾನ್ ಕಪಾಟಿನಲ್ಲೇ. ಬ್ರಷ್‌ನಲ್ಲೇ ಪ್ರೈಮ್ ಮಾಡುತ್ತೇನೆ. ಜನ ಇದನ್ನು ಯಾಕೆ ಕೀಳಾಗಿ ನೋಡುತ್ತಾರೋ ಗೊತ್ತಿಲ್ಲ. ಸರಿಯಾಗಿ ಮಾಡಿದರೆ ಸ್ಪ್ರೇಗೂ ಇದಕ್ಕೂ ವ್ಯತ್ಯಾಸ ಹೇಳಲಿಕ್ಕೆ ಆಗಲ್ಲ.

ವಯೆಹೋ ಕಂಪನಿಯ ಸರ್ಫೇಸ್ ಪ್ರೈಮರ್ ಬಳಸುತ್ತೇನೆ. ಅದು ಏರ್‌ಬ್ರಷ್‌ಗೂ ಆಗುತ್ತೆ, ಕೈಬ್ರಷ್‌ಗೂ ಆಗುತ್ತೆ. ಮೊದಲು ಮಿನಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹಳೇ ಟೂತ್‌ಬ್ರಷ್ ಹಾಕಿ ತೊಳೆದು ಪೂರ್ತಿ ಒಣಗಿಸಬೇಕು. ಆಮೇಲೆ ಸ್ವಲ್ಪ ಅಗಲದ ಮೆತ್ತನೆ ಬ್ರಷ್ ತಗೊಂಡು, ಕಂಕುಳು, ಬೆನ್ನಿನ ಚೀಲದ ಸಂದು, ಬೆಲ್ಟಿನ ಕೆಳಗೆ, ಇಂಥ ಆಳದ ಜಾಗಗಳಿಂದ ಶುರು ಮಾಡಿ ಹೊರಗೆ ಬರಬೇಕು. ಮೊದಲ ಕೋಟ್ ಅರೆಬರೆ ಕಾಣುತ್ತದೆ, ಅಲ್ಲಲ್ಲಿ ಪ್ಲಾಸ್ಟಿಕ್ ಇಣುಕುತ್ತದೆ. ಹೆದರಿ ಜಾಸ್ತಿ ಬಳಿಯಬೇಡಿ. ಕಣ್ಣಿನ ಗುಳಿ, ಬೆರಳ ಸಂದಿಯಲ್ಲಿ ಬಣ್ಣ ನಿಂತಿದ್ದರೆ ಒಣ ಬ್ರಷ್ ತುದಿಯಿಂದ ಹೀರಿ ತೆಗೆಯಿರಿ. ಫ್ಯಾನ್ ಕೆಳಗೆ ಒಣಗಲಿ. ಆಮೇಲೆ ಇನ್ನೊಂದು ತೆಳು ಕೋಟ್.

ಮುಖ್ಯ ವಿಷಯ: ಮುಟ್ಟಿದರೆ ಒಣಗಿದೆ ಅನಿಸಿದರೂ 24 ಗಂಟೆ ಬಿಡಿ. ಇದು ಪಾಲಿಯುರಿಥೇನ್ ಪ್ರೈಮರ್, ಹಸಿ ಇರುವಾಗ ಉಗುರು ತಾಗಿದರೂ ಸಿಪ್ಪೆಯಾಗಿ ಏಳುತ್ತದೆ. ಮರಳುಕಾಗದ ಹಾಕಿ ಉಜ್ಜಲಿಕ್ಕೂ ಹೋಗಬೇಡಿ. ಒಮ್ಮೆ ಗಟ್ಟಿಯಾದರೆ ಸುಲಭಕ್ಕೆ ಬಿಡಲ್ಲ.

ಕಡಲತೀರದ_ಆರ್ಕ್

ಮಲೆನಾಡ ಅಕ್ಕ, ಬಹಳ ಉಪಕಾರ ಆಯ್ತು ಮಾರಾಯ್ರೆ. ಉಳಿದವಕ್ಕೆ ಹೀಗೇ ಮಾಡುತ್ತೇನೆ.

ಹೊಸಬ_ಹುಬ್ಬಳ್ಳಿ

ಒಂದು ಪ್ರಶ್ನೆ ರೀ. ಪ್ರೈಮರ್ ಹಚ್ಚಲಿಲ್ಲ ಅಂದ್ರೆ ಏನಾಗ್ತದ? ನೇರ ಬಣ್ಣ ಹಚ್ಚಬಾರದಾ?

ಬಣ್ಣದ_ಡಬ್ಬಿ

ಈ ಮಿನಿಗಳನ್ನು ಮಾಡುವ ಪಾಲಿಸ್ಟೈರೀನ್ ಜಾರು ಪ್ಲಾಸ್ಟಿಕ್. ಅಕ್ರಿಲಿಕ್ ಬಣ್ಣ ಅದರ ಮೇಲೆ ಹನಿ ಹನಿಯಾಗಿ ಸರಿದುಕೊಳ್ಳುತ್ತದೆ. ಹೇಗೋ ಕೂತರೂ ಆಟದಲ್ಲಿ ಎತ್ತಿ ಇಡುವಾಗ ಬೆರಳು ತಾಗಿ ಕತ್ತಿಯ ತುದಿ, ಮೊಣಕೈಯಲ್ಲಿ ಮೊದಲು ಎದ್ದುಬರುತ್ತದೆ.

ಟ್ರೆಂಟ್_ದಂಡೆ

ನಾಟಿಂಗ್‌ಹ್ಯಾಮ್‌ನಿಂದ ನಮಸ್ಕಾರ. ಹಾಸನದವನು, ಕೆಲಸಕ್ಕಾಗಿ ಇಲ್ಲಿದ್ದೇನೆ. ಇಲ್ಲಿನವರಿಗೂ ಈ ತಾಪತ್ರಯ ಉಂಟು, ಆದರೆ ಚಳಿಗಾಲದಲ್ಲಿ. ನವೆಂಬರ್ ಬಂತೆಂದರೆ ತೇವ, ಚಳಿ ಎರಡೂ ಸೇರುತ್ತವೆ. ಹಾಗಾಗಿ ಕ್ಯಾನ್ ಅನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಆಮೇಲೆ ಹೊಡೆಯುತ್ತಾರೆ. ಕುದಿಯುವ ನೀರು, ಒಲೆ ಹತ್ತಿರ ಇಡೋದು ಮಾತ್ರ ಯಾವತ್ತೂ ಬೇಡ, ಕ್ಯಾನ್ ಸಿಡಿಯುತ್ತದೆ.

ಬಣ್ಣ ಪೂರ್ತಿ ಹಾಳಾಗಿ ಕಿತ್ತುಹಾಕಲೇಬೇಕು ಅಂದರೆ ಇಲ್ಲಿ ಹಳಬರು ಡೆಟಾಲ್ ಬಳಸುತ್ತಾರೆ. ಹೌದು, ಮನೆಯಲ್ಲಿರುವ ಕಂದು ಬಣ್ಣದ ಡೆಟಾಲೇ. ಪ್ಲಾಸ್ಟಿಕ್ ಮಿನಿಯನ್ನು ಒಂದು ರಾತ್ರಿ ಅದರಲ್ಲಿ ಮುಳುಗಿಸಿಟ್ಟು, ಕೈಗವಸು ಹಾಕಿಕೊಂಡು ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು. ಆದರೆ ಮೊದಲೇ ನೀರಿಗೆ ಹಿಡಿಯಬಾರದು. ನೀರು ತಾಗಿದ ಕೂಡಲೇ ಕರಗಿದ ಬಣ್ಣ ಅಂಟಂಟಾಗಿ ಮತ್ತೆ ಮಿನಿಗೇ ಮೆತ್ತಿಕೊಳ್ಳುತ್ತದೆ. ಡೆಟಾಲ್‌ನಲ್ಲೇ ಪೂರ್ತಿ ಉಜ್ಜಿ ಮುಗಿಸಿ, ಕೊನೆಗೆ ಸೋಪಿನ ನೀರು.

ಬಿಸಿಲುನಾಡು

ನಾಟಿಂಗ್‌ಹ್ಯಾಮ್‌ನಲ್ಲಿದ್ದೀರಿ ಅಂದರೆ ನೀವು ಪುಣ್ಯವಂತರು ಸರ್! ವಾರ್‌ಹ್ಯಾಮರ್ ಮಾಡುವ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಅಲ್ಲೇ ಅಲ್ವಾ?

ಟ್ರೆಂಟ್_ದಂಡೆ

ಹೌದು, ಲೆಂಟನ್ ಅನ್ನೋ ಭಾಗದಲ್ಲಿ. ಕಂಪನಿ ಶುರುವಾದದ್ದು ಲಂಡನ್‌ನಲ್ಲಿ, 1975ರಲ್ಲಿ. ಮಿನಿಯೇಚರ್ ಮಾಡಲು ಸಿಟಡೆಲ್ ಅಂತ 1979ರಲ್ಲಿ ನೆವಾರ್ಕ್ ಪಟ್ಟಣದಲ್ಲಿ ತೆರೆದರು, ಅದು ಇಲ್ಲಿಂದ ದೂರ ಇಲ್ಲ. ವಾರ್‌ಹ್ಯಾಮರ್ ಬಂದದ್ದು 1983ರಲ್ಲಿ, 40,000 ಬಂದದ್ದು 1987ರಲ್ಲಿ. ಅಲ್ಲಿ ಕೆಲಸ ಕಲಿತ ಎಷ್ಟೋ ಜನ ಹೊರಬಂದು ಇದೇ ಸುತ್ತಿನಲ್ಲಿ ಸ್ವಂತ ಕಂಪನಿ ಕಟ್ಟಿದರು. ವಾರ್‌ಲಾರ್ಡ್ ಗೇಮ್ಸ್, ಪೆರಿ ಮಿನಿಯೇಚರ್ಸ್, ಮ್ಯಾಂಟಿಕ್ ಎಲ್ಲಾ ಈ ಭಾಗದವೇ. ಮಿನಿಗಳನ್ನು ಸೀಸ ಬೆರೆತ ಲೋಹದಲ್ಲಿ ಎರಕ ಹೊಯ್ಯುತ್ತಿದ್ದ ಕಾಲದ ನೆನಪಿಗೆ ಈ ಪ್ರದೇಶಕ್ಕೆ 'ಲೆಡ್ ಬೆಲ್ಟ್' ಅಂತಲೇ ಹೆಸರು ಬಿದ್ದಿದೆ.

ಹಳೇ ಲೋಹದ ಮಿನಿ ಯಾರಾದರೂ ಕೊಂಡರೆ ನೆನಪಿಡಿ: ಅದರಲ್ಲಿ ಸೀಸ ಇರಬಹುದು. ಅರ ಹಾಕಿ ಉಜ್ಜುವಾಗ ಮಾಸ್ಕ್ ಹಾಕಿ, ಆಮೇಲೆ ಕೈ ತೊಳೆಯಿರಿ. ಮಕ್ಕಳ ಬಾಯಿಗೆ ಸಿಗದ ಹಾಗೆ ಇಡಿ.

ಹೊಸಬ_ಹುಬ್ಬಳ್ಳಿ

ಇಷ್ಟೆಲ್ಲ ಓದಿ ಆಸೆ ಆಯ್ತು. ಆದ್ರ ಬಣ್ಣದ ರೇಟ್ ನೋಡಿದೆ ರೀ. ಒಂದು ಸಣ್ಣ ಡಬ್ಬಿಗೆ ನನ್ನ ಎರಡು ದಿನದ ಮೆಸ್ ಊಟದ ದುಡ್ಡು. ಸ್ಟೇಷನರಿ ಅಂಗಡಿಯಾಗ ಸಿಗೋ ಅಕ್ರಿಲಿಕ್ ನಡೆಯೋದಿಲ್ಲೇನು?

ರೋಲ್_ಟ್ವೆಂಟಿ

ನಡೆಯುತ್ತೆ ಗುರು. ಸುಮ್ನೆ ಹೊರದೇಶದ ಬಣ್ಣಕ್ಕೆ ದುಡ್ಡು ಸುರಿಯಬೇಡ. ನಾನು ಮೊದಲ ಪಡೆ ಪೂರ್ತಿ ಸ್ಟೇಷನರಿ ಬಣ್ಣದಲ್ಲೇ ಮುಗಿಸಿದ್ದು.

ಬಣ್ಣದ_ಡಬ್ಬಿ

ನಾನು ಒಪ್ಪಲ್ಲ. ಕ್ಯಾನ್ವಾಸ್‌ಗೆ, ಬಟ್ಟೆಗೆ ಮಾಡಿದ ಬಣ್ಣದಲ್ಲಿ ವರ್ಣದ ಪುಡಿ ದಪ್ಪ. ಒಂದಡಿ ಚಿತ್ರದಲ್ಲಿ ಅದು ಕಾಣಲ್ಲ. 28 ಮಿ.ಮೀ. ಎತ್ತರದ ಮನುಷ್ಯನ ಮುಖದಲ್ಲಿ ಎದ್ದು ಕಾಣುತ್ತದೆ. ತೆಳು ಮಾಡಲು ನೀರು ಹಾಕಿದರೆ ಬಣ್ಣ ಒಡೆಯುತ್ತದೆ, ಹಾಕದಿದ್ದರೆ ಬ್ರಷ್ ಗೆರೆ ಉಳಿಯುತ್ತದೆ.

ರೋಲ್_ಟ್ವೆಂಟಿ

ಆಟದ ಮೇಜಿನ ಮೇಲೆ ಮೂರಡಿ ದೂರದಿಂದ ಯಾರು ಮೂಗಿನ ಗೆರೆ ನೋಡುತ್ತಾರೆ?

ಮಲೆನಾಡ_ಮಿನಿ

ಇಬ್ಬರೂ ಸ್ವಲ್ಪ ಸ್ವಲ್ಪ ಸರಿ. ಹುಬ್ಬಳ್ಳಿಯವರೇ, ಹೀಗೆ ಮಾಡಿ. ತಳದ ಮಣ್ಣು, ಕಲ್ಲು, ಗೋಡೆ, ಮರದ ತೊಗಟೆ, ಡ್ರೈಬ್ರಷ್ ಮಾಡುವ (ಬಹುತೇಕ ಒಣಗಿದ ಬ್ರಷ್‌ನಲ್ಲಿ ಉಬ್ಬಿದ ಕಡೆ ಮಾತ್ರ ಸವರುವ) ಜಾಗಗಳಿಗೆ ಸ್ಟೇಷನರಿ ಬಣ್ಣ ಧಾರಾಳವಾಗಿ ಸಾಕು. ಮಿನಿಯ ಮೈಗೆ ಕೆಲವೇ ಒಳ್ಳೆ ಬಣ್ಣ ಕೊಳ್ಳಿ: ಕಪ್ಪು, ಬಿಳಿ, ಒಂದು ಲೋಹದ ಬಣ್ಣ, ನಿಮ್ಮ ಪಡೆಯ ಮುಖ್ಯ ಬಣ್ಣ, ಜೊತೆಗೆ ಒಂದು ಕಪ್ಪು ಅಥವಾ ಕಂದು ವಾಶ್. ವಾಶ್ ಮಾತ್ರ ಬಿಡಬೇಡಿ. ಸಂದುಗಳಿಗೆ ತಾನಾಗಿ ಇಳಿದು ನೆರಳು ಕೊಡುತ್ತದೆ. ಹೊಸಬರ ಮಿನಿಗೆ ಜೀವ ಬರೋದೇ ಅದರಿಂದ.

ಡ್ರಾಪರ್ ಬಾಟಲಿ ಇರುವ ಕಂಪನಿ ನೋಡಿ. ಸ್ಪೇನಿನ ವಯೆಹೋ, ಡೆನ್ಮಾರ್ಕಿನ ಆರ್ಮಿ ಪೇಂಟರ್ ಎರಡೂ ಹಾಗೇ ಬರುತ್ತವೆ. ಹನಿ ಲೆಕ್ಕದಲ್ಲಿ ತೆಗೆಯಬಹುದು. ಅಗಲ ಬಾಯಿಯ ಡಬ್ಬಿ ನಮ್ಮ ಸೆಕೆಗೆ ಬೇಗ ಗಟ್ಟಿಯಾಗುತ್ತದೆ.

ಹೊಸಬ_ಹುಬ್ಬಳ್ಳಿ

ಕಾಂಟ್ರಾಸ್ಟ್ ಪೇಂಟ್ ಅಂತ ಕೇಳೀನಿ. ಒಂದೇ ಕೋಟಿನಾಗ ಮುಗೀತದಂತ?

ಬಿಸಿಲುನಾಡು

ಸಿಟಡೆಲ್‌ನವರು 2019ರಲ್ಲಿ ತಂದದ್ದು. ಎತ್ತರದ ಜಾಗದಲ್ಲಿ ತೆಳ್ಳಗೆ, ಸಂದಿಯಲ್ಲಿ ದಟ್ಟವಾಗಿ ನಿಲ್ಲುತ್ತದೆ. ನೆರಳು ಬೆಳಕು ಒಂದೇ ಸಲಕ್ಕೆ. ತುಪ್ಪಳ, ಬಟ್ಟೆಯ ಮಡಿಕೆ, ಚರ್ಮಕ್ಕೆ ಅದ್ಭುತ. ಅಗಲ ನುಣುಪು ಕವಚದ ಮೇಲೆ ಮಾತ್ರ ಕಲೆ ಕಲೆ. ಬಿಳಿ ಅಥವಾ ತಿಳಿ ಪ್ರೈಮರ್ ಮೇಲೆಯೇ ಹಾಕಬೇಕು. ಕಪ್ಪಿನ ಮೇಲೆ ಏನೂ ಕಾಣಲ್ಲ.

ಕಪ್ಪು ಪ್ರೈಮ್ ಮಾಡಿ, ಬೂದು, ಆಮೇಲೆ ಬಿಳಿ ಡ್ರೈಬ್ರಷ್ ಎಳೆದು, ಅದರ ಮೇಲೆ ಕಾಂಟ್ರಾಸ್ಟ್ ಹಾಕುವ ರೀತಿಯೂ ಇದೆ. ದೊಡ್ಡ ಪಡೆ ಬೇಗ ಮುಗಿಯಬೇಕು ಅನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ.

ರೋಲ್_ಟ್ವೆಂಟಿ

ಸೆಕೆಗೆ ಪ್ಯಾಲೆಟ್ ಮೇಲಿನ ಬಣ್ಣವೂ ಹತ್ತು ನಿಮಿಷಕ್ಕೆ ಒಣಗುತ್ತದೆ. ವೆಟ್ ಪ್ಯಾಲೆಟ್ ಮಾಡಿಕೊಳ್ಳಿ, ದುಡ್ಡು ಬೇಡ. ಚಪ್ಪಟೆ ಸ್ವೀಟ್ ಡಬ್ಬಿ, ಒಳಗೆ ಒದ್ದೆ ಟಿಶ್ಯೂ, ಮೇಲೆ ಬಟರ್ ಪೇಪರ್.

ಬಣ್ಣದ_ಡಬ್ಬಿ

ಬಟರ್ ಪೇಪರ್ ಅಂತ ಕೇಳಿದರೆ ಕೆಲವು ಅಂಗಡಿಗಳಲ್ಲಿ ಮೇಣ ಬಳಿದದ್ದು ಕೊಡುತ್ತಾರೆ. ಅದರಲ್ಲಿ ನೀರು ಮೇಲೆ ಬರಲ್ಲ. ಕೇಕ್ ಬೇಯಿಸುವಾಗ ಹಾಕುವ ಬೇಕಿಂಗ್ ಪೇಪರ್ ಕೇಳಿ ತಗೊಳ್ಳಿ. ಟಿಶ್ಯೂ ಎರಡು ಮೂರು ದಿನಕ್ಕೆ ಬದಲಿಸಿ, ಇಲ್ಲಾಂದ್ರೆ ಬೂಷ್ಟು ಹಿಡಿಯುತ್ತದೆ.

ಕಡಲತೀರದ_ಆರ್ಕ್

ಅಂಟಿನ ಬಗ್ಗೆಯೂ ಕೇಳಿಬಿಡುತ್ತೇನೆ. ಪ್ಲಾಸ್ಟಿಕ್ ಸಿಮೆಂಟ್ ಮುಗಿಯುತ್ತಾ ಬಂದಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿಗೆ ಹಾಕುವ ಪಿವಿಸಿ ಸಿಮೆಂಟ್ ಸಿಗುತ್ತದಲ್ಲ, ಅದು ಆಗುತ್ತದಾ?

ಬಿಸಿಲುನಾಡು

ಬೇಡ. ಅದರ ದ್ರಾವಕ ಪಾಲಿಸ್ಟೈರೀನನ್ನು ಜೋರಾಗಿ ತಿನ್ನುತ್ತದೆ, ಅಂಟು ಬೇರೆ ದಪ್ಪ. ಬಂದೂಕಿನ ನಳಿಗೆ, ಬೆರಳಿನಂಥ ಸಣ್ಣ ಭಾಗ ಕರಗಿ ಹೋಗುತ್ತದೆ. ಮಾಡೆಲ್‌ಗೆಂದೇ ಮಾಡಿದ ತೆಳು ಸಿಮೆಂಟ್ ತರಿಸಿ. ಅದು ಎರಡೂ ಕಡೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುತ್ತದೆ. ಫೆವಿಕ್ವಿಕ್ ಲೋಹಕ್ಕೆ, ರೆಸಿನ್‌ಗೆ. ಪ್ಲಾಸ್ಟಿಕ್‌ಗೂ ಹಿಡಿಯುತ್ತದೆ, ಆದರೆ ಕೆಳಗೆ ಬಿದ್ದರೆ ಪಟ್ಟಂತ ಬಿಡುತ್ತದೆ. ತಳಕ್ಕೆ ಮರಳು ಅಂಟಿಸಲು ಫೆವಿಕಾಲ್. ದೊಡ್ಡ ಬಿರುಕು ತುಂಬಲು ಎಂ-ಸೀಲ್ ನಡೆಯುತ್ತದೆ, ಮಾಡೆಲ್‌ನವರು ಬಳಸುವ ಗ್ರೀನ್ ಸ್ಟಫ್ ಪುಟ್ಟಿಯಷ್ಟು ನಯ ಇಲ್ಲ ಅಷ್ಟೇ.

ಹೊಸಬ_ಹುಬ್ಬಳ್ಳಿ

ಬ್ರಷ್ ಯಾವ್ದು ತಗೊಳ್ಳಿ? 000 ನಂಬರ್ ಸಾಕಾ? ಹಳೇ ಪೇಟೆ ಅಂಗಡಿಯೊಂದರಾಗ ಕಂದು-ಬೆಳ್ಳಗಿನ ಕೂದಲಿನ ಬ್ರಷ್ ಕಡಿಮೆ ರೇಟಿಗೆ ತೋರ್ಸಿದ್ರು. ತುದಿ ಭಾಳ ಚೂಪ ಇತ್ತು.

ಮಲೆನಾಡ_ಮಿನಿ

ಆ ಬ್ರಷ್ ದಯವಿಟ್ಟು ಕೊಳ್ಳಬೇಡಿ. ಕೂದಲು ಹೀಗೆ ಕಂದು-ತಿಳಿ ಪಟ್ಟೆಯಾಗಿದ್ದರೆ ಅದು ಮುಂಗುಸಿ ಕೂದಲು ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮಾರೋದೂ ಕೊಳ್ಳೋದೂ ಅಪರಾಧ. ಒಂದು ಬ್ರಷ್‌ಗಾಗಿ ಮುಂಗುಸಿ ಕೊಲ್ಲುತ್ತಾರೆ. ನಮ್ಮ ತೋಟದಲ್ಲಿ ಓಡಾಡುವ ಪ್ರಾಣಿ ಅದು, ಈ ವಿಷಯ ಬಂದರೆ ನನಗೆ ಸುಮ್ಮನಿರಲು ಆಗಲ್ಲ.

000 ಕೂಡ ಬೇಡ. ಅಷ್ಟು ಸಣ್ಣ ಬ್ರಷ್‌ನಲ್ಲಿ ಬಣ್ಣವೇ ನಿಲ್ಲಲ್ಲ, ಮಿನಿ ಮುಟ್ಟುವಷ್ಟರಲ್ಲಿ ತುದಿ ಒಣಗಿರುತ್ತದೆ. 1 ನಂಬರಿನ ಒಳ್ಳೆ ಸಿಂಥೆಟಿಕ್ ಬ್ರಷ್ ಸಾಕು. ತುದಿ ಚೂಪಾಗಿದ್ದರೆ ಅದರಲ್ಲೇ ಕಣ್ಣೂ ಬರೆಯಬಹುದು. ತುದಿ ಕೊಕ್ಕೆಯಾದ ಮೇಲೆ ಡ್ರೈಬ್ರಷ್‌ಗೆ ಇಟ್ಟುಕೊಳ್ಳಿ.

ಹೊಸಬ_ಹುಬ್ಬಳ್ಳಿ

ಗೊತ್ತಿರಲಿಲ್ಲ ಅಕ್ಕಾರ. ಮುಟ್ಟಂಗಿಲ್ಲ ಅದನ್ನ.

ಟ್ರೆಂಟ್_ದಂಡೆ

ಕಣ್ಣಿನ ಮಾತು ಬಂತಲ್ಲ. ನೀವೆಲ್ಲ ಕಣ್ಣು ಮೊದಲು ಬರೆಯುತ್ತೀರಾ, ಕೊನೆಗಾ? ಇಲ್ಲಿ ಹೆಚ್ಚಿನವರು ಮೊದಲೇ. ಆಚೀಚೆ ಹೋದರೆ ಮೈಬಣ್ಣದಿಂದ ಸುತ್ತ ತಿದ್ದಬಹುದು ಅಂತ.

ಕೊಪ್ಪಳದ_ಕುಂಚ

ನಾನು ಕೊನೆಗೆ. ಗಣಪತಿ ಮಾಡೋರು ಕಣ್ಣು ಕೊನೆಗೇ ಬರೆಯೋದು. ಅದು ಬರೀ ಶಾಸ್ತ್ರ ಅಲ್ಲ. ಉಳಿದ ಬಣ್ಣ ಎಲ್ಲಾ ಕೂತ ಮೇಲೆ ಮುಖಕ್ಕೆ ಎಷ್ಟು ಬಿಳಿ ಬೇಕು ಅಂತ ಆಗಲೇ ಗೊತ್ತಾಗೋದು.

ಪ್ರೈಮರ್ ಚರ್ಚೆ ಓದಿ ಒಂದು ಮಾತು ಹೇಳಬೇಕು ಅನಿಸಿತು. ನಮ್ಮ ಜಿಲ್ಲೆಯ ಕಿನ್ನಾಳದ ಬೊಂಬೆ ನೋಡಿದ್ದೀರಲ್ಲ. ಹಗುರ ಮರದಲ್ಲಿ ಭಾಗಗಳನ್ನು ಬೇರೆ ಬೇರೆ ಕೆತ್ತಿ ಆಮೇಲೆ ಜೋಡಿಸುತ್ತಾರೆ. ಗೋಣಿ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆಬೀಜದ ಅಂಟಲ್ಲಿ ಕಲಸುತ್ತಾರೆ, ಅದಕ್ಕೆ ಕಿಟ್ಟ ಅಂತಾರೆ. ಅದರಿಂದ ಜೋಡಣೆ. ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪ. ಆಮೇಲೆ ಬಣ್ಣ. ಒಡವೆಯ ಉಬ್ಬು ಗೆರೆಗಳೂ ಕಲ್ಲುಪುಡಿ ಮತ್ತು ಅಂಟಿನವೇ. ಅಂಟು, ಪುಟ್ಟಿ, ಪ್ರೈಮರ್ ಮೂರೂ ಅಲ್ಲೇ ತಯಾರು. ಮಿನಿಯೇಚರ್ ಮಾಡೋ ಹುಡುಗರು ಒಂದು ಸಲ ಅಲ್ಲಿಗೆ ಹೋಗಿ ಅವರ ಕೈ ಓಡೋದನ್ನ ನೋಡಬೇಕು. ಮುಖದ ಮೇಲೆ ಒಂದೇ ಎಳೆತದಲ್ಲಿ ಹುಬ್ಬು ಬರೆಯುತ್ತಾರೆ.

ಮಲೆನಾಡ_ಮಿನಿ

ಎಂಥಾ ಮಾಹಿತಿ! ಇದಕ್ಕೇ ಬೇರೆ ಎಳೆ ಶುರು ಮಾಡಿ ದಯವಿಟ್ಟು, ಫೋಟೋ ಸಮೇತ.

ರೋಲ್_ಟ್ವೆಂಟಿ

ಇನ್ನು ಸ್ವಲ್ಪ ವರ್ಷಕ್ಕೆ ಮಿನಿಗಳ ಡಬ್ಬಿ ಕೊಳ್ಳೋರೇ ಇರಲ್ಲ ಬಿಡಿ. ದ್ರವ ರೆಸಿನ್‌ನಿಂದ ಬೊಂಬೆ ಮಾಡುವ 3ಡಿ ಪ್ರಿಂಟರ್ ತಗೊಂಡರೆ ಮನೆಯಲ್ಲೇ ಪಡೆ ಸಿದ್ಧ.

ಬಣ್ಣದ_ಡಬ್ಬಿ

ಪ್ರಿಂಟರ್ ಬಗ್ಗೆ ನನಗೂ ಒಲವಿದೆ. ಆದರೆ ಕಂಪನಿಯ ಮಿನಿಯನ್ನು ಸ್ಕ್ಯಾನ್ ಮಾಡಿ ನಕಲು ತೆಗೆಯೋದು ಕಳ್ಳತನ. ಪ್ರಿಂಟಿಗೆಂದೇ ಕಲಾವಿದರು ಫೈಲ್ ಮಾರುತ್ತಾರೆ, ಅವರಿಗೆ ದುಡ್ಡು ಕೊಟ್ಟು ತಗೊಳ್ಳಿ.

ಹಸಿ ರೆಸಿನ್ ಬರಿಗೈಯಲ್ಲಿ ಮುಟ್ಟಬೇಡಿ, ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿಕೊಂಡರೆ ಆಮೇಲೆ ಸ್ವಲ್ಪ ತಾಗಿದರೂ ಕೆರಳುತ್ತದೆ. ಪ್ರಿಂಟ್ ತೊಳೆದ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸಿಂಕಿಗೆ ಸುರಿಯಬಾರದು. ಅಡುಗೆಮನೆ, ಮಲಗುವ ಕೋಣೆಯಲ್ಲಿ ಪ್ರಿಂಟರ್ ಇಡಲೇಬೇಡಿ. ಬಾಡಿಗೆ ಮನೆಯ ಒಂದೇ ರೂಮಲ್ಲಿ ಇರುವವರು ಡಬ್ಬಿ ಕೊಳ್ಳೋದೇ ಒಳ್ಳೇದು.

ರೋಲ್_ಟ್ವೆಂಟಿ

ನಕಲಿನ ಮಾತು ನಾನೂ ಒಪ್ಪುತ್ತೇನೆ. ಬೆಲೆಯ ಮಾತು ಮಾತ್ರ ಬಿಡಲ್ಲ. ಕಸ್ಟಮ್ಸ್, ಕೊರಿಯರ್ ಸೇರಿ ಒಬ್ಬ ವಿದ್ಯಾರ್ಥಿಗೆ ಈ ಹವ್ಯಾಸ ಕೈಗೆಟುಕಲ್ಲ.

ಬಿಸಿಲುನಾಡು

ಅದಕ್ಕೇ ಹಂಚಿಕೊಳ್ಳಬೇಕು. ಎರಡು ಪಡೆ ಇರುವ ಸ್ಟಾರ್ಟರ್ ಡಬ್ಬಿ ತರಿಸಿ ಇಬ್ಬರು ಅರ್ಧರ್ಧ ಹಾಕಿಕೊಳ್ಳಿ. ಏರೋಸಾಲ್ ಕ್ಯಾನ್ ಮಾತ್ರ ಪಾರ್ಸೆಲ್ ಜೊತೆ ಸೇರಿಸಬೇಡಿ, ವಿಮಾನದಲ್ಲಿ ಅದನ್ನು ಅಪಾಯಕಾರಿ ಸರಕು ಅಂತ ತಡೆಯುತ್ತಾರೆ. ಬ್ರಷ್ ಪ್ರೈಮರ್ ಬಾಟಲಿಗೆ ಆ ತೊಂದರೆ ಇಲ್ಲ.

ಹುಬ್ಬಳ್ಳಿಯವರೇ, 2023ರಲ್ಲಿ ಬಂದ 40,000 ಆಟದ ಹತ್ತನೇ ಆವೃತ್ತಿಯ ಸ್ಟಾರ್ಟರ್ ನನ್ನ ಹತ್ತಿರ ಇದೆ. ಒಂದು ಕಡೆ ಸ್ಪೇಸ್ ಮರೀನ್, ಇನ್ನೊಂದು ಕಡೆ ಟಿರನಿಡ್ ಅನ್ನೋ ಚಿಪ್ಪಿನ ಅನ್ಯಲೋಕದ ಜೀವಿಗಳು. ಮರೀನ್ ನನಗೆ ಬೇಕು. ಟಿರನಿಡ್‌ಗಳು ಸ್ಪ್ರೂನಲ್ಲೇ ಇವೆ, ಕತ್ತರಿಸಿಲ್ಲ.

ಹೊಸಬ_ಹುಬ್ಬಳ್ಳಿ

ನನಗ ಟಿರನಿಡ್ಡೇ ಬೇಕಾಗಿತ್ತು ರೀ! ಮೈಮೇಲೆ ಕಾಂಟ್ರಾಸ್ಟ್ ಚಲೋ ಕೂರ್ತದಲ್ಲ? ಮೆಸೇಜ್ ಹಾಕೀನಿ, ರೇಟ್ ಹೇಳ್ರಿ.

ಬಿಸಿಲುನಾಡು

ಚೆನ್ನಾಗಿ ಕೂರುತ್ತದೆ. ಚಿಪ್ಪಿಗೆ ಗಾಢ, ಮೈಗೆ ತಿಳಿ ಹಾಕು. ಪ್ರೈಮರ್ ಬಿಳಿ ಅಥವಾ ತಿಳಿಬೂದು ತಗೋ. ಮೆಸೇಜ್ ನೋಡಿದೆ, ರಾತ್ರಿ ಫೋಟೋ ಕಳಿಸುತ್ತೇನೆ.